ಪ್ರಮಾಣಪತ್ರದ ಮೊದಲ ಸಾಲು

ಲೋಕಸಭೆಗಾಗಲಿ ವಿಧಾನಸಭೆಗಾಗಲಿ ನಿಲ್ಲುವ ಉಮೇದುವಾರರು ನಾಮಪತ್ರದೊಡನೆ ಸಲ್ಲಿಸತಕ್ಕ ನಮೂನೆ 26ರ ಪ್ರಮಾಣಪತ್ರವು ನಮ್ಮ ಪ್ರಜಾಪ್ರಭುತ್ವವು ಗಳಿಸಿಕೊಂಡ ಅಮೂಲ್ಯ ಲೇಖ್ಯಗಳಲ್ಲಿ ಒಂದೆಂದು ನಾನು ಭಾವಿಸಿದ್ದೇನೆ. 2002ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯವು, ಉಮೇದುವಾರನ ಅಪರಾಧ ಪ್ರಕರಣಗಳು, ಆಸ್ತಿ, ಸಾಲ, ವಿದ್ಯಾರ್ಹತೆ ಇವುಗಳನ್ನು ತಿಳಿಯುವ ಹಕ್ಕು ಮತದಾರನಿಗೆ ಉಂಟೆಂದು ಸಾರಿತು. ಅದನ್ನು ಮೊಟಕುಗೊಳಿಸಲೆಂದು ಸಂಸತ್ತು ಸೇರಿಸಿದ ಕಲಮನ್ನು 2003ರ ಮಾರ್ಚ್ 13ರಂದು ಅಸಿಂಧುವೆಂದು ತಳ್ಳಿಹಾಕಿತು. ಆ ಬೆಳಕು ಕಿಂಚಿತ್ತೂ ಮಂದವಾಗಕೂಡದೆಂದು ಬಯಸುವವನಾಗಿಯೇ ನಾನು ಪತ್ರದ ಆರಂಭದ ಒಂದು ಸಾಲನ್ನು ಆಕ್ಷೇಪಿಸುತ್ತೇನೆ.

ಅದು ವಾಸದ ಮನೆಯ ಪೂರ್ಣ ವಿಳಾಸವನ್ನು ಬರೆಯಿಸುವ ಸಾಲು. ನ್ಯಾಯಾಲಯವು ಎಣಿಸಿ ಹೇಳಿದ ವಿಷಯಗಳಲ್ಲಿ ಅದು ಇರಲಿಲ್ಲ. ಅರ್ಹತೆಯ ನಿರ್ಣಯಕ್ಕೂ ಅದು ಅನಾವಶ್ಯಕ; ಉಮೇದುವಾರನು ಯಾವ ಕ್ಷೇತ್ರದ ಮತದಾರನೆಂಬುದು, ಪಟ್ಟಿಯ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆಗಳ ಸಹಿತ, ಅದೇ ಪತ್ರದಲ್ಲಿ ಬೇರೆಯಾಗಿ ನಮೂದಾಗಿರುತ್ತದೆ. ಚುನಾವಣಾಧಿಕಾರಿಗೆ ಪತ್ರವ್ಯವಹಾರಕ್ಕಾಗಿ ವಿಳಾಸ ಬೇಕು, ನಿಜ. ಆದರೆ ಅಧಿಕಾರಿಗೆ ಬೇಕಾದುದೆಲ್ಲವೂ ಚುನಾವಣಾ ಆಯೋಗದ ಜಾಲತಾಣದ ಮೂಲಕ ಲೋಕಕ್ಕೆಲ್ಲ ಬೇಕೆಂಬುದು ಹೇಗೆ ಸಿದ್ಧವಾಯಿತು?

ಜನಪ್ರತಿನಿಧಿಯ ಬಾಗಿಲು ಸದಾ ತೆರೆದಿರಬೇಕು, ಬೆಳಗಾದರೆ ಅಹವಾಲು ಹೊತ್ತವರು ಅವನ ಜಗಲಿಯ ಮೇಲೆ ಕುಳಿತಿರಬೇಕು ಎಂಬುದು ನಮ್ಮಲ್ಲಿ ಬೇರೂರಿದ ಸಂಪ್ರದಾಯ. ಅದು ನನಗೆ ಪ್ರಿಯವಾದದ್ದೇ. ಹಳ್ಳಿಯಲ್ಲಿ ಯಾರ ಮನೆ ತಾನೆ ಗುಟ್ಟು ಎಂದು ಕೇಳುವವರೂ ಉಂಟು. ಆದರೆ ಊರಿನ ಅರಿವು ಸಂಬಂಧದೊಡನೆ ಹುಟ್ಟಿದ ಅರಿವು: ಮನೆಯನ್ನು ಬಲ್ಲವನು ಮನೆಯವರನ್ನೂ ಬಲ್ಲನು, ಅವರೂ ಅವನನ್ನು ಬಲ್ಲರು, ಅಪರಿಚಿತನು ಬೀದಿಯಲ್ಲಿ ಕಾಲಿಟ್ಟರೆ ಎದುರು ಮನೆಯ ಅಜ್ಜಿ ಯಾರಪ್ಪಾ ನೀನು, ಯಾರ ಮನೆಗೆ ಬಂದೆ ಎಂದು ವಿಚಾರಿಸದೆ ಬಿಡಳು. ಈ ಕಾವಲು ಯಾವುದೂ ಇಲ್ಲದೆ, ಎಲ್ಲಿಯೋ ಕುಳಿತು ದ್ವೇಷ ಸಾಧಿಸುವವನ ಕೈಗೂ ದೊರೆಯುವ ವಿಳಾಸವು ಬೇರೆಯೇ ಜಾತಿಯದು. ಚುನಾವಣೆಗೆ ನಿಂತು ಸೋತ ಹೆಣ್ಣುಮಗಳೊಬ್ಬಳ ಮನೆಯ ಸಂಖ್ಯೆಯೂ ಹೀಗೆ ಬಯಲಾಗುತ್ತದೆಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬ್ರಿಟನ್ನಿನಲ್ಲಿ ಸಂಸತ್ತಿನ ಉಮೇದುವಾರರು, ಮತಪತ್ರದಲ್ಲಿ ಮನೆಯ ವಿಳಾಸಕ್ಕೆ ಬದಲಾಗಿ ತಾವು ವಾಸಿಸುವ ಕ್ಷೇತ್ರದ ಹೆಸರನ್ನು ಮಾತ್ರ ತೋರಿಸಬಹುದೆಂದು 2009ರ ಶಾಸನ ಅನುಮತಿಸಿತು. ಇದರಿಂದ ಎಲ್ಲ ಅಪಾಯವೂ ನೀಗಿತೆನ್ನಲಾಗದು. ಅಲ್ಲಿನ ಸಂಸತ್ ಸದಸ್ಯರಾಗಿದ್ದ ಜೋ ಕಾಕ್ಸ್ 2016ರಲ್ಲಿ, ಡೇವಿಡ್ ಏಮಸ್ 2021ರಲ್ಲಿ ಹತರಾದದ್ದು ಮನೆಯಲ್ಲಲ್ಲ, ಕ್ಷೇತ್ರದ ಜನರನ್ನು ಕಾಣಲು ಹೋದ ಸ್ಥಳದಲ್ಲಿ. ಆದರೆ 2025ರ ಜೂನ್ 14ರಂದು ಅಮೆರಿಕದ ಮಿನೆಸೋಟದಲ್ಲಿ, ಪೊಲೀಸರ ವೇಷ ಧರಿಸಿ ನಡುರಾತ್ರಿ ಕಳೆದ ಮೇಲೆ ಬಂದವನೊಬ್ಬನು ಶಾಸಕಿ ಮೆಲಿಸಾ ಹಾರ್ಟ್‌ಮನ್ನರನ್ನೂ ಅವರ ಪತಿಯನ್ನೂ ಕೊಂದದ್ದು ಅವರ ಮನೆಯಲ್ಲಿಯೇ.

ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಾಗ, ಅರ್ಜಿದಾರರಾಗಿದ್ದವರು ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದಾದ ಮೇಲೆ 2019ರಲ್ಲಿ ನಮೂನೆ 26 ತಿದ್ದುಪಡಿಯಾಗಿ ಐದು ವರ್ಷಗಳ ಆದಾಯದ ವಿವರವನ್ನು ಕೇಳಿತು; ಅದು ಉಚಿತವೇ. ವಿಳಾಸದ ಸಾಲು ಮಾತ್ರ ಇದ್ದಂತೆಯೇ ಉಳಿಯಿತು. ಆ ಒಂದು ಸಾಲನ್ನು ಅಳಿಸಿದರೂ ಸಾಲದು, ಏಕೆಂದರೆ ಸ್ಥಿರಾಸ್ತಿಯ ಅಂಕಣವು ವಾಸದ ಕಟ್ಟಡದ ಸ್ಥಳವನ್ನು ಕೇಳುತ್ತದೆ, ಮತದಾರರ ಪಟ್ಟಿಯಲ್ಲಿ ಮನೆಯ ಸಂಖ್ಯೆ ಅಚ್ಚಾಗಿರುತ್ತದೆ. ಆದುದರಿಂದ ಪೂರ್ಣ ಪ್ರತಿಯು ಚುನಾವಣಾಧಿಕಾರಿಯ ವಶದಲ್ಲಿರಲಿ; ಪ್ರಕಟವಾಗುವ ಪ್ರತಿಯಲ್ಲಿ ಊರು, ತಾಲ್ಲೂಕು ಮತ್ತು ಜನರು ಭೇಟಿಯಾಗಬಹುದಾದ ಕಚೇರಿಯ ವಿಳಾಸವಿರಲಿ. ಹೊಲಗದ್ದೆಗಳ ಸರ್ವೆ ನಂಬರು, ನಿವೇಶನಗಳ ವಿವರ ಇವೆಲ್ಲ ಈಗಿನಂತೆಯೇ ಬಹಿರಂಗವಾಗಿರತಕ್ಕದ್ದು, ಅವಿಲ್ಲದೆ ಆಸ್ತಿಯ ಲೆಕ್ಕವನ್ನು ಒರೆಹಚ್ಚುವುದು ಅಸಾಧ್ಯ. ವಾಸದ ಮನೆಯೊಂದರ ಮಟ್ಟಿಗೆ ವಿಸ್ತೀರ್ಣ, ಮೌಲ್ಯ ಮತ್ತು ವಾರ್ಡಿನ ಹೆಸರು ಸಾಕು.