ಉತಾರಿಗೆ ಪರಿಹಾರ, ಬಿತ್ತಿದವನಿಗೆ ಬರಿಗೈ

ಬೆಳೆಹಾನಿ ಪರಿಹಾರ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವ ಈಗಿನ ವ್ಯವಸ್ಥೆಗೆ ಒಳ್ಳೆಯ ಹೆಸರಿದೆ. ಪರಿಹಾರ ತಂತ್ರಾಂಶ, ಫ್ರೂಟ್ಸ್ ಐಡಿ, ಆಧಾರ್ ಜೋಡಣೆ ಬಂದ ಮೇಲೆ ಚೆಕ್ಕಿಗಾಗಿ ಅಲೆಯುವುದು ತಪ್ಪಿತು, ನಡುವೆ ಕೈಯಾಡಿಸುವವರು ಕಡಿಮೆಯಾದರು. ಅಷ್ಟನ್ನು ಒಪ್ಪಿಕೊಂಡೇ ಹೇಳುತ್ತೇನೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಈ ಹಣ ಹೋಗುವುದು ಉತಾರಿನಲ್ಲಿ, ಅಂದರೆ ಪಹಣಿಯಲ್ಲಿ, ಮಾಲೀಕನೆಂದು ಹೆಸರಿದ್ದವನಿಗೆ. ಸ್ವಂತ ಹೊಲದಲ್ಲಿ ದುಡಿಯುವವನಿಗೆ ಇದರಿಂದ ತೊಂದರೆಯಿಲ್ಲ. ಇನ್ನೊಬ್ಬರ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಂಡವನ ಬೆಳೆ ಹೋದರೆ ಅವನಿಗೆ ಏನೂ ಇಲ್ಲ.

ಪಹಣಿಯನ್ನೊಮ್ಮೆ ಬಿಡಿಸಿ ನೋಡಿ. 9ನೇ ಕಾಲಂನಲ್ಲಿ ಮಾಲೀಕನ ಹೆಸರು, ವಿಸ್ತೀರ್ಣ. 12ನೇ ಕಾಲಂನಲ್ಲಿ ವರ್ಷ, ಹಂಗಾಮು, ಸಾಗುವಳಿದಾರನ ಹೆಸರು, ಬೆಳೆ. ಯಾರು ಬಿತ್ತಿದರು ಎಂದು ಬರೆದಿಡಲು ಜಾಗ ಇದ್ದೇ ಇದೆ. ಆದರೆ ತೊಗರಿ ಬಿತ್ತಿದ್ದು ಪಕ್ಕದ ತಾಂಡಾದ ಕುಟುಂಬವಾದರೂ ಅಲ್ಲಿ ಕಾಣುವುದು ಮಾಲೀಕನ ಹೆಸರೇ. ಕಾರಣ ಗುಟ್ಟಿನದಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ನಿಷೇಧಿಸಿತು. ಉಳುವವನಿಗೆ ಭೂಮಿ ಕೊಡಿಸಿದ ಆ ಕಾಯ್ದೆಯ ಹಿರಿಮೆ ದೊಡ್ಡದು. ಆದರೆ ಅಂದಿನಿಂದ ಲಾವಣಿ ಬಾಯಿಮಾತಿನ ವ್ಯವಹಾರವಾಯಿತು. ಇನ್ನೊಬ್ಬನ ಹೆಸರು ಕಾಲಂಗೆ ಏರಿದರೆ ಹೊಲವೇ ಕೈಬಿಟ್ಟೀತೆಂಬ ಅಂಜಿಕೆ ಮಾಲೀಕನಿಗೆ. ಬೆಳೆ ಸಮೀಕ್ಷೆಯ ಆ್ಯಪ್ ಹೊಲಕ್ಕೆ ಹೋಗಿ ಗಿಡದ ಫೋಟೊ ಹಿಡಿಯುತ್ತದೆ; ಪರಿಹಾರ ಮಾತ್ರ ಮತ್ತೆ ಮಾಲೀಕತ್ವದ ದಾಖಲೆಯ ಬೆನ್ನು ಹತ್ತುತ್ತದೆ.

ಲೆಕ್ಕ ಹಾಕೋಣ. ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ಕೇಂದ್ರದ ಮಾನದಂಡದಂತೆ ಒಣ ಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರ್. ಅಂದರೆ ಸುಮಾರು ಐದು ಎಕರೆಗೆ 17,000. ಬೀಜ, ಗೊಬ್ಬರದ ಖರ್ಚಿಗೆ ಆಸರೆಯಾಗಿ ಮುಂದಿನ ಹಂಗಾಮಿಗೆ ಮತ್ತೆ ಬಿತ್ತುವಂತಾಗಲಿ ಎಂಬುದು ಈ ಹಣದ ಉದ್ದೇಶ. ಬೀಜ ತಂದವನು, ಗಳೆ ಹೊಡೆಸಿದವನು, ಔಷಧ ಸಿಂಪಡಿಸಿದವನು ಲಾವಣಿದಾರ. ಅದರ ಮೇಲೆ ಲಾವಣಿ ದುಡ್ಡನ್ನೂ ಅವನು ಮುಂಗಡವಾಗಿ ಎಣಿಸಿ ಕೊಟ್ಟಿರುತ್ತಾನೆ. ಬೆಳೆ ಒಣಗಲಿ, ಕೊಳೆಯಲಿ, ಮಾಲೀಕನಿಗೆ ಲಾವಣಿಯೂ ಬಂತು, ಪರಿಹಾರವೂ ಬಂತು. ಒಳ್ಳೆಯ ಮಾಲೀಕರು ಹಂಚಿಕೊಳ್ಳುತ್ತಾರೆ ಎಂದು ವಾದಿಸುವವರಿದ್ದಾರೆ. ಹಂಚುವವರು ಇರಬಹುದು. ಸರ್ಕಾರ ಕೊಡುವ ಪರಿಹಾರ ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ನಮ್ಮ ಅಂಕಣಕಾರರ ಮೇಲೆ ನನಗೆ ತಕರಾರಿದೆ. 2023ರ ಬರದಲ್ಲಿ 223 ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಂದ್ರವನ್ನು 18,171 ಕೋಟಿ ರೂಪಾಯಿ ಕೇಳಿತು, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಂತು. ಆ ಅನ್ಯಾಯದ ಬಗ್ಗೆ ಬರೆದದ್ದು ಸರಿಯೇ. ಆದರೆ ಬರೆದವರೆಲ್ಲ ದೆಹಲಿ–ಬೆಂಗಳೂರು ಜಗಳದಲ್ಲೇ ನಿಂತುಬಿಟ್ಟರು. ಬಂದ ಹಣ ಊರಿನಲ್ಲಿ ಯಾರ ಮನೆ ಸೇರಿತು ಎಂದು ಕೇಳಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಕಡೆಯ ಹೊಲಗಳಿಗೆ ನೀರು ನುಗ್ಗಿದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ರಾಜ್ಯದಿಂದ ಹೆಕ್ಟೇರಿಗೆ ಇನ್ನೂ 8,500 ಸೇರಿಸುವುದಾಗಿ ಘೋಷಿಸಿದರು. ಒಣ ಬೇಸಾಯದ ದರ 17,000ಕ್ಕೆ ಏರಿತು. ಎಲ್ಲರೂ ಮೊತ್ತವನ್ನು ಹೊಗಳಿದರು, ಇಲ್ಲವೇ ಸಾಲದೆಂದರು. ಮೊತ್ತ ಇಮ್ಮಡಿಯಾದರೂ ಲಾವಣಿದಾರನ ಪಾಲು ಸೊನ್ನೆಯೇ.

ಆಂಧ್ರಪ್ರದೇಶ 2019ರಲ್ಲೇ ಕಾಯ್ದೆ ಮಾಡಿ, ಮಾಲೀಕನ ಹಕ್ಕಿಗೆ ಧಕ್ಕೆಯಾಗದಂತೆ ಹನ್ನೊಂದು ತಿಂಗಳ ಸಾಗುವಳಿದಾರ ಕಾರ್ಡ್ ಕೊಡಲು ದಾರಿ ಮಾಡಿತು. ಮಾಲೀಕನ ಸಹಿ ಬೇಕೆಂಬ ಷರತ್ತು ಅಲ್ಲಿಯೂ ತೊಡಕಾಗಿದೆ. ಆದರೂ ಬಿತ್ತಿದವನು ಕಾನೂನಿನ ಕಣ್ಣಿಗೆ ಬಿದ್ದ. ಈ ನಾಲ್ಕು ತಾಲೂಕುಗಳ ಶಾಸಕರು ಮುಂದಿನ ಅಧಿವೇಶನದಲ್ಲಿ ಮೊತ್ತ ಹೆಚ್ಚಿಸಿ ಎಂದು ಕೇಳುವ ಮೊದಲು, ಮಾಲೀಕನ ಹಕ್ಕಿಗೆ ಕುಂದು ತಾರದ ಅಂಥದೊಂದು ಕಾಯ್ದೆಯನ್ನು ಕೇಳಲಿ. 12ನೇ ಕಾಲಂನಲ್ಲಿ ನಿಜವಾಗಿ ಬಿತ್ತಿದವನ ಹೆಸರು ಬರೆಸಲಿ.