ಮಕ್ಕಳು ಅದರಲ್ಲಿ ನೋಡಿದ್ದು ನಮ್ಮನ್ನು

ಮೊಬೈಲಿನ ಗೀಳು ಕೆಟ್ಟದ್ದು ಅಂತ ಮಕ್ಕಳಿಗೆ ಹೇಳಬೇಕಾದಾಗ ನಾವು ದೊಡ್ಡವರು ಹುಡುಕಿ ತೆಗೆಯುವ ಕಾರ್ಟೂನುಗಳಲ್ಲಿ ಒಂದು, ಇಂಗ್ಲೆಂಡಿನ ಸ್ಟೀವ್ ಕಟ್ಸ್ 2016ರಲ್ಲಿ ಮಾಡಿದ 'ಆರ್ ಯು ಲಾಸ್ಟ್ ಇನ್ ದ ವರ್ಲ್ಡ್ ಲೈಕ್ ಮಿ?'. ಅಮೆರಿಕದ ಸಂಗೀತಗಾರ ಮೋಬಿಯ ಹಾಡಿಗೆ ಮಾಡಿದ ಚಿತ್ರ. ನಾಲ್ಕು ನಿಮಿಷವೂ ಇಲ್ಲ. ಮಾತಿಲ್ಲ, ಹಾಡು ಮಾತ್ರ.

ಕತೆ ಇಷ್ಟೇ. ದೊಡ್ಡ ಪಟ್ಟಣದಲ್ಲಿ ಒಬ್ಬ ಪುಟ್ಟ ಹುಡುಗ ನಡೆದು ಹೋಗ್ತಾನೆ. ಸುತ್ತಲಿನ ಎಲ್ಲರ ತಲೆಯೂ ಫೋನಿನ ಮೇಲೆ ಬಗ್ಗಿದೆ. ಅವನನ್ನು ನೋಡುವವರು ಯಾರೂ ಇಲ್ಲ. ಕುಣಿಯುವ ಹುಡುಗಿಯೊಬ್ಬಳ ವಿಡಿಯೊ ಮಾಡಿ ಊರೆಲ್ಲಾ ಗೇಲಿ ಮಾಡ್ತಾರೆ. ಅವಳು ಕಟ್ಟಡದಿಂದ ಹಾರುವಾಗಲೂ ಜನ ಫೋನೇ ಎತ್ತಿ ಹಿಡಿಯುತ್ತಾರೆ. ಕೊನೆಗೆ ಆ ಜನರೆಲ್ಲ ಫೋನು ನೋಡುತ್ತಲೇ ಹೋಗಿ ಪ್ರಪಾತಕ್ಕೆ ಬೀಳುತ್ತಾರೆ.

ಚಿತ್ರ ಒಳ್ಳೆಯದೇ. ಆದರೆ ಇದು ಸಣ್ಣ ಮಕ್ಕಳಿಗೆ ಮಾಡಿದ್ದಲ್ಲ. ಕಪ್ಪುಬಿಳುಪು, ರಬ್ಬರಿನಂತೆ ಬಳುಕುವ ಕೈಕಾಲು, ಇದೆಲ್ಲ 1930ರ ಆಸುಪಾಸಿನ ಬೆಟ್ಟಿ ಬೂಪ್, ಪಾಪಾಯ್ ಕಾರ್ಟೂನುಗಳ ರೀತಿ. ಅವನ್ನು ನೋಡಿ ಬೆಳೆದವರಿಗೆ ಆ ಮುದ್ದು ರೂಪದೊಳಗೆ ಇಷ್ಟು ಕ್ರೌರ್ಯವೇ ಅಂತ ಚುಚ್ಚುತ್ತದೆ. ನಮ್ಮ ಮಕ್ಕಳಿಗೆ ಆ ನೆನಪು ಎಲ್ಲಿಂದ? ಅವರು ತಮಾಷೆಯ ಕಾರ್ಟೂನು ಅಂತ ಕೂತಿರುತ್ತಾರೆ, ಹುಡುಗಿಯ ಸಾವು ಹೇಳದೆ ಕೇಳದೆ ಬಂದು ಬಡಿಯುತ್ತದೆ. ಎಲ್‌ಪಿ ಮಕ್ಕಳಿಗೆ ಇದನ್ನು ತೋರಿಸಲೇಬಾರದು ಎಂಬುದು ನನ್ನ ಅಭಿಪ್ರಾಯ. ಹೈಸ್ಕೂಲಿನವರಿಗಾದರೆ ಪಕ್ಕದಲ್ಲಿ ಕೂತು ಮಾತಾಡಲು ಒಬ್ಬರು ಬೇಕು.

ಇನ್ನೊಂದು ಸಂಗತಿ ಉಂಟು. ನಾವು ತೋರಿಸುವುದು "ನೋಡು, ನೀನು ಹೀಗೆ ಆಗ್ತೀ" ಅಂತ. ಆದರೆ ಚಿತ್ರದಲ್ಲಿ ತಲೆ ತಗ್ಗಿಸಿದವರು ಹೆಚ್ಚಾಗಿ ದೊಡ್ಡವರು. ತಲೆ ಎತ್ತಿ ನೋಡುವವನು ಮಗು. ನಮ್ಮ ವಾಚನಾಲಯದಲ್ಲಿ ಒಂಬತ್ತನೆಯ ತರಗತಿಯವರಿಗೆ ತೋರಿಸಿ, "ಇದರಲ್ಲಿ ನೀವು ಯಾರು?" ಅಂತ ಕೇಳಿದೆ. ಹೆಚ್ಚಿನವರು "ಆ ಹುಡುಗ" ಅಂದರು. ಒಬ್ಬಳು ಮೆಲ್ಲಗೆ, "ನಮ್ಮಲ್ಲಿ ಊಟಕ್ಕೆ ಕೂತರೂ ಹೀಗೇ, ಎಲ್ಲರದ್ದೂ ಬಗ್ಗಿದ ತಲೆ" ಅಂದಳು. ಅವರು ಉಪದೇಶವನ್ನು ತಪ್ಪಿಸಿಕೊಂಡದ್ದಲ್ಲ ಮಾರಾಯ್ರೇ, ಚಿತ್ರವನ್ನು ನಮಗಿಂತ ಸರಿಯಾಗಿ ನೋಡಿದ್ದು.

ಈ ಮಕ್ಕಳ ಕೈಗೆ ಫೋನು ಕೊಟ್ಟದ್ದು ಯಾರು? 2020ರ ಜೂನ್ 1ಕ್ಕೆ ವಿಕ್ಟರ್ಸ್ ಚಾನೆಲಿನಲ್ಲಿ 'ಫಸ್ಟ್ ಬೆಲ್' ಪಾಠ ಶುರುವಾದಾಗ, ಟಿವಿ ಇಲ್ಲದ ಮನೆಯವರೂ ಸಾಲ ಮಾಡಿ ಫೋನು ತಂದರು. ಅಂದು ಅದೇ ಶಾಲೆ, ಇಂದು ಅದೇ ಪಿಶಾಚಿ ಅಂದರೆ ಮಕ್ಕಳು ಒಪ್ಪುವುದು ಹೇಗೆ? ಅಪ್ಪ ಗಲ್ಫಿನಲ್ಲಿರುವ ಮನೆಗಳು ಕಾಸರಗೋಡಿನಲ್ಲಿ ಎಷ್ಟಿಲ್ಲ! ಅಂಥ ಮಗುವಿಗೆ ಫೋನು ಎಂದರೆ ರಾತ್ರಿ ಕಾಣುವ ಅಪ್ಪನ ಮುಖ. ಕಟ್ಸ್ ಅವರ ಚಿತ್ರದಲ್ಲಿ ಈ ಫೋನಿಗೆ ಜಾಗವಿಲ್ಲ. ಅದು ಬಗ್ಗಿದ ತಲೆಯನ್ನು ತೋರಿಸುತ್ತದೆ, ಯಾಕೆ ಬಗ್ಗಿತು ಎಂದು ಕೇಳುವುದಿಲ್ಲ. ಅದರ ದೊಡ್ಡ ಕೊರತೆ ಇದು.

ಟೀಚರುಗಳಲ್ಲಿ, ಮಾಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ತೋರಿಸುವ ಮೊದಲು ನೀವೇ ಒಮ್ಮೆ ಪೂರ್ತಿ ನೋಡಿ. ತೋರಿಸಿದ ಮೇಲೆ ನೀತಿ ಹೇಳಬೇಡಿ, ಪ್ರಶ್ನೆ ಕೇಳಿ. ನಮ್ಮ ಹೈಸ್ಕೂಲುಗಳ ಲಿಟಲ್ ಕೈಟ್ಸ್ ಕ್ಲಬ್ಬಿನಲ್ಲಿ ಮಕ್ಕಳು ಅನಿಮೇಶನ್ ಕಲಿಯುತ್ತಾರಲ್ಲ, ಇದೇ ವಿಷಯದಲ್ಲಿ ಒಂದು ನಿಮಿಷದ ಚಿತ್ರ ಮಾಡಲು ಅವರಿಗೆ ಹೇಳಿ. ಅದರಲ್ಲಿ ನಮ್ಮ ಮುಖ ಕಂಡರೆ ಸಿಟ್ಟು ಮಾಡಿಕೊಳ್ಳಬಾರದು, ಅಷ್ಟೆ.