ಹದಿನೆಂಟರ ಹರಕೆ

ಮಣ್ಣುಹಾದಿಗೆ ಇಳಿಯುವ ಮುಂಚೆ ಗಾಡಿ ನಿಲ್ಲಿಸಿ ನಾಲ್ಕೂ ಚಕ್ರದ ಗಾಳಿಯನ್ನು 18 ಪಿಎಸ್‌ಐಗೆ ಇಳಿಸುವುದು ಫೋರ್ ಬೈ ಫೋರ್ ಗಾಡಿಯವರಲ್ಲಿ ಈಗೊಂದು ಹರಕೆಯಂತಾಗಿದೆ. ಸಕಲೇಶಪುರದ ಕೆಸರಿರಲಿ, ಚಿಕ್ಕಮಗಳೂರಿನ ಗುಡ್ಡವಿರಲಿ, ಅರಸೀಕೆರೆ ಸೀಮೆಯ ಜಾಲಿಮುಳ್ಳಿನ ಬಯಲಿರಲಿ, ಅಂಕಿ ಮಾತ್ರ ಅದೇ. ಗಾಳಿ ಇಳಿಸುವುದರ ಹಿಂದೆ ಗಟ್ಟಿ ಲೆಕ್ಕವಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಲೆಕ್ಕವನ್ನು ಎಲ್ಲೋ ಕೈಬಿಟ್ಟು ಉತ್ತರವನ್ನಷ್ಟೇ ಬಾಯಿಪಾಠ ಮಾಡಿಕೊಂಡಿದ್ದೇವಲ್ಲ, ತಕರಾರು ಅದರ ಬಗ್ಗೆ.

ಟೈರು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ತನ್ನೊಳಗಿನ ಗಾಳಿಯ ಒತ್ತಡದಷ್ಟೇ. 1,800 ಕಿಲೊ ತೂಗುವ ಗಾಡಿಯ ಒಂದೊಂದು ಚಕ್ರದ ಪಾಲಿಗೆ 450 ಕಿಲೊ, ಅಂದರೆ ಸುಮಾರು ಸಾವಿರ ಪೌಂಡು ಬರುತ್ತದೆ. 33 ಪಿಎಸ್‌ಐ ಇದ್ದಾಗ ಆ ಭಾರ ಹೊರಲು 30 ಚದರ ಅಂಗುಲ ನೆಲ ಸಾಕು. 18ಕ್ಕೆ ಇಳಿಸಿದರೆ 55 ಬೇಕು. ಟೈರಿನ ಪಕ್ಕದ ಗೋಡೆಯೂ ಒಂದಿಷ್ಟು ಭಾರ ಹೊರುವುದರಿಂದ ನಿಜದಲ್ಲಿ ನೆಲದ ಮೇಲಿನ ಟೈರಿನ ಅಚ್ಚು ಇಷ್ಟೊಂದು ಹಿಗ್ಗುವುದಿಲ್ಲ. ಹಿಗ್ಗುವುದೂ ಅಗಲಕ್ಕಿಂತ ಉದ್ದಕ್ಕೇ ಜಾಸ್ತಿ. ಆದರೂ ಮರಳಿನಲ್ಲಿ ಇಷ್ಟೇ ಸಾಕು, ಹೂತುಹೋಗುವ ಗಾಡಿ ತೇಲಿಕೊಂಡು ಹೋಗುತ್ತದೆ. ಎರಡು ಮಹಾಯುದ್ಧಗಳ ನಡುವೆ ಲಿಬಿಯಾದ ಮರುಭೂಮಿಯಲ್ಲಿ ಫೋರ್ಡ್ ಕಾರು ಓಡಿಸಿದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಲ್ಡ್ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ. 1940ರ ದಶಕದಲ್ಲಿ ಅಮೆರಿಕದ ಸೇನೆ ನೀರಿನಲ್ಲೂ ನೆಲದಲ್ಲೂ ಓಡುವ 'ಡಕ್' ಲಾರಿಗೆ, ಚಾಲಕ ಕೂತಲ್ಲಿಂದಲೇ ಗಾಳಿ ಏರಿಳಿಸುವ ಏರ್ಪಾಡು ಮಾಡಿತು. ಸಮುದ್ರದಿಂದ ದಡದ ಮರಳಿಗೆ ಹತ್ತುವ ಲಾರಿಗೆ ಅದು ಬೇಕೇ ಬೇಕಿತ್ತು. ನಮ್ಮವರು ಜಪಿಸುವ ಹದಿನೆಂಟು ಹುಟ್ಟಿದ್ದು ಇಂಥ ಮರಳಿನ ಲೆಕ್ಕದಿಂದ.

ಅದನ್ನು ಹಾರನಹಳ್ಳಿಗೆ ತಂದು ನೋಡೋಣ. ಅರಸೀಕೆರೆಯಿಂದ ಹಾಸನದ ದಾರಿಯಲ್ಲಿ ಎಂಟು ಕಿಲೋಮೀಟರು ಬಂದರೆ ಈ ಊರು. ಕೋಡಿಮಠದಿಂದ ಎಲ್ಲರಿಗೂ ಗೊತ್ತು. ಹದಿಮೂರನೆಯ ಶತಮಾನದ ಎರಡು ಹೊಯ್ಸಳ ದೇವಾಲಯಗಳೂ ಇಲ್ಲಿವೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಹಾರನಹಳ್ಳಿಯ ಹೆಸರು ಅದರಲ್ಲಿಲ್ಲ, ಹಾಗಾಗಿ ಜನಜಂಗುಳಿಯೂ ಇಲ್ಲ. ದೇವಾಲಯ ನೋಡಲು ಬರುವವರು ಟಾರು ಬಿಟ್ಟು ಇಳಿಯಬೇಕಾಗಿಯೂ ಇಲ್ಲ. ಈ ಸೀಮೆಯಲ್ಲಿ ನಿಜವಾಗಿ ದಾರಿ ಬಿಟ್ಟು ಗಾಡಿ ಓಡಿಸುವವರು ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳಕ್ಕೆ ಟ್ರ್ಯಾಕ್ಟರ್ ಇಳಿಸಿ, ತೆಂಗಿನ ತೋಟಕ್ಕೆ ಗೋಡುಮಣ್ಣು ಹೊಡೆಸುವವರು. ಆಫ್‌ರೋಡ್ ಎಂಬ ಮಾತು ಅವರಿಗೆ ಬೇಕಿಲ್ಲ, ಅದು ಅವರ ಮಾಮೂಲಿ ಕೆಲಸ.

ಅವರ ಪದ್ಧತಿ ಪೇಟೆಯವರದಕ್ಕೆ ತದ್ವಿರುದ್ಧ. ಹಿಡಿತ ಬೇಕೆಂದು ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ನೀರು ತುಂಬಿಸುತ್ತಾರೆ. ವಾಲ್ವನ್ನು ಮೇಲಕ್ಕೆ ತಿರುಗಿಸಿ ಮುಕ್ಕಾಲು ಭಾಗ ನೀರು, ಉಳಿದದ್ದಕ್ಕೆ ಗಾಳಿ. ಒಂದೊಂದು ಚಕ್ರಕ್ಕೆ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಅಚ್ಚು ಹಿಗ್ಗಿಸುವ ಬದಲು ಭಾರ ಹೆಚ್ಚಿಸುವ ಉಪಾಯ ಇದು. ಗಟ್ಟಿ ನೆಲದಲ್ಲಿ ನೇಗಿಲು ಎಳೆಯುವಾಗ ಚಕ್ರ ಜಾರದಂತೆ ತಡೆಯುತ್ತದೆ, ಖರ್ಚೂ ಇಲ್ಲ. ಆದರೆ ಅದೇ ಟ್ರ್ಯಾಕ್ಟರನ್ನು ಅದೇ ನೀರಿನೊಂದಿಗೆ ತೆಂಗಿನ ಸಾಲಿನ ನಡುವೆ ವರ್ಷವಿಡೀ ಓಡಾಡಿಸುವುದನ್ನು ನಾನು ಒಪ್ಪಲಾರೆ. ತೆಂಗಿನ ಬೇರು ಬಹುಪಾಲು ತೀರಾ ಆಳಕ್ಕೆ ಇಳಿಯದೆ ಹರಡಿರುತ್ತದೆ. ಮೇಲ್ಮಣ್ಣು ಗಟ್ಟಿಯಾಗುವುದು ಟೈರಿನ ಒತ್ತಡದಿಂದ, ಆಳದ ಮಣ್ಣು ಗಟ್ಟಿಯಾಗುವುದು ಅಚ್ಚುಗಂಬಿಯ ಮೇಲಿನ ಒಟ್ಟು ಭಾರದಿಂದ. ನೀರು ತುಂಬಿಸಿ ಗಾಳಿಯನ್ನೂ ಬಿಗಿಯಾಗಿಟ್ಟರೆ ಎರಡನ್ನೂ ಒಟ್ಟಿಗೆ ಮಾಡಿದಂತಾಯಿತು. ಗಾಳಿ ಇಳಿಸುವ ವಿದ್ಯೆ ನಿಜಕ್ಕೂ ಬೇಕಿರುವುದು ಇಲ್ಲಿ. ಹಗುರ ಕೆಲಸಕ್ಕೆ ಹಿಂದಿನ ಚಕ್ರ 12ರ ಆಸುಪಾಸಿನಲ್ಲಿದ್ದರೆ ಟ್ರ್ಯಾಕ್ಟರಿಗೆ ತೊಂದರೆಯಿಲ್ಲ, ತೋಟಕ್ಕೆ ಒಳ್ಳೆಯದು. ಆದರೆ ಗೇಜು ಹಿಡಿದು ನೋಡುವವರು ಎಷ್ಟು ಜನ? ಚಕ್ರವನ್ನು ಕಾಲಲ್ಲಿ ಒದ್ದು ನೋಡುವುದೇ ನಮ್ಮ ಕಡೆಯ ತಪಾಸಣೆ.

ಇನ್ನು ಟ್ರೇಲರು. ಗೋಡು ತುಂಬಿದ ಟ್ರೇಲರಿನ ಚಕ್ರಕ್ಕೆ ಭಾರದಿಂದಾಗಿ ಗಾಳಿ ಹೆಚ್ಚೇ ಇರಬೇಕು. ಹೆಚ್ಚಿದ್ದರೆ ಕೆರೆಯ ಮೆತ್ತನೆ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಇಳಿಸಿದರೆ ಪಕ್ಕದ ಗೋಡೆ ಮಡಿಸಿಕೊಂಡು ಒಳಗಿನ ನೂಲು ಕಿತ್ತುಬರುತ್ತದೆ. ಈ ಇಕ್ಕಟ್ಟಿಗೆ ಗಾಳಿಯಲ್ಲಿ ಉತ್ತರವಿಲ್ಲ, ಮಣ್ಣು ಕಡಿಮೆ ತುಂಬಬೇಕು ಅಷ್ಟೆ. ಬಾಡಿಗೆ ಲೋಡಿನ ಲೆಕ್ಕದಲ್ಲಿರುವಾಗ ಯಾರೂ ಕಡಿಮೆ ತುಂಬುವುದಿಲ್ಲವೆನ್ನಿ. ಕೊನೆಗೆ ತೆಂಗಿನ ಗರಿ, ಕಾಯಿಮಟ್ಟೆ ತಂದು ಚಕ್ರದಡಿ ಹಾಸುತ್ತಾರೆ. ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಹಲಗೆ ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ.

ಕೆರೆಯಂಗಳ ದಾಟಿ ಮೇಲೆ ಬಂದರೆ ಮುಳ್ಳು, ಕಲ್ಲು. ಕರಿಜಾಲಿ, ಬಳ್ಳಾರಿ ಜಾಲಿ, ಬೇಲಿಗೆ ಹಾಕಿ ಒಣಗಿದ ಬೋರೆಮುಳ್ಳು. ಇಲ್ಲಿ ಹದಿನೆಂಟು ಎರಡಲಗಿನ ಕತ್ತಿ. ಮೆತ್ತಗಿನ ಟೈರು ಚೂಪುಕಲ್ಲನ್ನು ತಬ್ಬಿಕೊಂಡು ಹತ್ತುವುದರಿಂದ ನೆಲ ಮುಟ್ಟುವ ಮೈಗೆ ಏಟು ಕಡಿಮೆ. ನಿಧಾನಕ್ಕೆ ಹೋಗುವವರಿಗೆ ಇದು ಲಾಭ. ಆದರೆ ಪಕ್ಕದ ಗೋಡೆ ಉಬ್ಬಿ ಹೊರಗೆ ಚಾಚುತ್ತದೆ. ಟೈರಿನಲ್ಲಿ ಅತಿ ತೆಳ್ಳಗಿರುವ ಜಾಗವೇ ಅದು, ಮುಳ್ಳಿಗೂ ಕಲ್ಲಿನ ಅಂಚಿಗೂ ಸಿಗುವುದು ಅದೇ. 2020ರ ಥಾರ್‌ನ 255/65 ಆರ್18 ಟೈರಿಗೆ 166 ಮಿಲಿಮೀಟರು ಎತ್ತರದ ಗೋಡೆಯಿದೆ, ಒಂದಷ್ಟು ಸೈರಿಸುತ್ತದೆ. ಪೇಟೆಯ ಎಸ್‌ಯುವಿಯ 215/60 ಆರ್17ರಲ್ಲಿ 129 ಮಾತ್ರ. ಎರಡಕ್ಕೂ ಒಂದೇ ಅಂಕಿ ಹೇಳಿದರೆ ಎರಡನೆಯವನ ರಿಮ್ಮು ಕಲ್ಲಿಗೆ ಬಡಿಯುವುದು ಖಂಡಿತ. ಈ ಸೀಮೆಗೆ 24, 25 ಸಾಕು ಎಂಬುದು ನನ್ನ ಮತ.

ಮಲೆನಾಡಿನ ಅಂಟುಕೆಸರಿನ ಮಾತು ಬೇರೆ. ಮೇಲೆ ಒಂದು ಗೇಣು ರಾಡಿ, ಕೆಳಗೆ ಗಟ್ಟಿ ನೆಲ ಇರುವಲ್ಲಿ ಅಗಲ ಚಕ್ರ ರಾಡಿಯ ಮೇಲೆಯೇ ಜಾರಾಡುತ್ತದೆ. ಕಿರಿದಾದ ಚಕ್ರ ಅದನ್ನು ಸೀಳಿ ಕೆಳಗಿನ ನೆಲ ಹಿಡಿಯುತ್ತದೆ. ಹಳೆಯ ಜೀಪಿನ 6.00-16 ಟೈರು ತೋಟದ ದಾರಿಗಳಲ್ಲಿ ಅಷ್ಟು ಕಾಲ ಬಾಳಿದ್ದು ಸುಮ್ಮನೆ ಅಲ್ಲ. ಕೊಡಚಾದ್ರಿಗೆ ಜನ ತುಂಬಿಕೊಂಡು ಏರುವ ಬಾಡಿಗೆ ಜೀಪಿನವರು ಬುಡದಲ್ಲಿ ನಿಲ್ಲಿಸಿ ಗಾಳಿ ಇಳಿಸಿದ್ದನ್ನು ನಾನು ಕಂಡಿಲ್ಲ. ಅಷ್ಟು ಭಾರ ಹೊತ್ತಾಗ ಇಳಿಸಬಾರದು ಕೂಡ.

ಗಾಳಿ ಇಳಿಸುವ ಪದ್ಧತಿಯ ನಿಜವಾದ ಹುಳುಕು ಇರುವುದು ವಾಪಸು ಬರುವಾಗ. ಇಳಿಸಲು ಎರಡು ನಿಮಿಷ. ಸಿಗರೇಟ್ ಸಾಕೆಟ್ಟಿಗೆ ಚುಚ್ಚುವ ಚಿಕ್ಕ ಕಂಪ್ರೆಸರಿನಲ್ಲಿ ನಾಲ್ಕೂ ತುಂಬಿಸಲು ಅರ್ಧ ಗಂಟೆಯ ಹತ್ತಿರ. ಹಾಗಾಗಿ 'ಮುಂದಿನ ಬಂಕಿನಲ್ಲಿ ಹಾಕಿಸೋಣ' ಎಂದು ಅರಸೀಕೆರೆಯ ಟಾರು ರಸ್ತೆಯಲ್ಲಿ ಎಂಬತ್ತರಲ್ಲಿ ಹೊರಡುತ್ತಾರೆ. ಮೆತ್ತಗಿನ ಗೋಡೆ ಸುತ್ತು ಸುತ್ತಿಗೂ ಮಡಿಸಿ ಬಿಚ್ಚಿ ಕಾಯುತ್ತದೆ, ಕೊನೆಗೆ ಒಡೆಯುತ್ತದೆ. ಬೇಸಿಗೆಯಲ್ಲಿ 'ಬಿಸಿಲಿಗೆ ಟೈರು ಸಿಡಿಯುತ್ತೆ, ಒಂದೆರಡು ಪಾಯಿಂಟು ಕಡಿಮೆ ಇರಲಿ' ಎನ್ನುವವರ ತಪ್ಪೂ ಇದೇ. ಓಡಿದ ಮೇಲೆ ಗೇಜಿನಲ್ಲಿ ಅಂಕಿ ಏರುವುದು ಸಹಜ, ಕಂಪನಿ ಅದನ್ನು ಲೆಕ್ಕಹಾಕಿಯೇ ತಣ್ಣಗಿನ ಅಂಕಿ ಕೊಟ್ಟಿರುತ್ತದೆ. ಬಿಸಿಯಿದ್ದಾಗ ಗಾಳಿ ಬಿಟ್ಟರೆ ಕಾವು ಇನ್ನೂ ಹೆಚ್ಚಾಗುತ್ತದೆ.

ತೊಂದರೆ ಬಂದಾಗ ಏನು ಮಾಡುತ್ತೇವೆ ಎಂಬುದರಲ್ಲಿ ಹೆದ್ದಾರಿ ಬದಿಯ ಪಂಚರ್ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ. ಟ್ಯೂಬಿಗೆ ಪ್ಯಾಚು ಹಾಕಿದ ಮೇಲೂ ಟೈರಿನೊಳಗೆ ಕೈಯಾಡಿಸಿ, ಮುರಿದು ಉಳಿದ ಮುಳ್ಳಿನ ತುದಿ ಹುಡುಕಿ ತೆಗೆಯುವ ಆ ತಾಳ್ಮೆ ದೊಡ್ಡದು. ಅದನ್ನು ಬಿಟ್ಟರೆ ಹತ್ತು ಕಿಲೋಮೀಟರಿಗೆ ಮತ್ತೆ ಪಂಚರು. ಟ್ಯೂಬ್ ಇರುವ ಟೈರಿನಲ್ಲಿ ಗಾಳಿ ತೀರಾ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವನ್ನೇ ಕಿತ್ತುಹಾಕುತ್ತದೆ. ಟ್ಯೂಬ್‌ಲೆಸ್ ಆದರೆ ತಿರುವಿನಲ್ಲಿ ಅಂಚು ರಿಮ್ಮು ಬಿಟ್ಟು ಕಳಚುತ್ತದೆ. ಕಳಚಿದ ಟೈರಿಗೆ ಪೆಟ್ರೋಲ್ ಚಿಮುಕಿಸಿ ಬೆಂಕಿ ಹಚ್ಚಿ 'ಢಂ' ಎನ್ನಿಸಿ ಕೂರಿಸುವ ವಿಡಿಯೊಗಳಿವೆ. ಅದು ಶುದ್ಧ ಹುಚ್ಚಾಟ. ಜಾಕಿ ಹಾಕಿ ಚಕ್ರ ಎತ್ತಿ, ಟೈರಿನ ಸುತ್ತ ಹಗ್ಗ ಬಿಗಿದು ಗಾಳಿ ಹೊಡೆದರೆ ಬಹಳ ಸಲ ಕೂರುತ್ತದೆ.

ಕೂರದಿದ್ದರೆ ಸ್ಟೆಪ್ನಿ ಬೇಕು. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು: ಮೂರೂವರೆ ಟನ್ನಿನೊಳಗಿನ ಗಾಡಿಗೆ ಟ್ಯೂಬ್‌ಲೆಸ್ ಟೈರು, ಗಾಳಿ ತೋರಿಸುವ ಸೆನ್ಸರು, ರಿಪೇರಿ ಕಿಟ್ಟು ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಪೇಟೆಗೆ ಇದು ಸರಿ. ಕಿಟ್ಟಿನ ರಬ್ಬರ್ ಎಳೆ ನೆಲ ಮುಟ್ಟುವ ಭಾಗದ ತೂತಿಗೆ ಮಾತ್ರ ಆಗುತ್ತದೆ, ಪಕ್ಕದ ಗೋಡೆ ಸೀಳಿದರೆ ಅದರಿಂದ ಏನೂ ಆಗದು. ಸ್ಟೆಪ್ನಿ ಇಲ್ಲದ ಗಾಡಿಯಲ್ಲಿ ಹಾರನಹಳ್ಳಿಯ ಸುತ್ತಿನ ಜಾಲಿ ಬಯಲಿಗೆ ಇಳಿಯುವವರು ಕಂಪನಿ ಹೇಳಿದ ಗಾಳಿಯನ್ನು ಮುಟ್ಟದೆ, ಹೂತುಕೊಳ್ಳುವಂಥ ಜಾಗಕ್ಕೇ ಹೋಗದಿರುವುದು ವಾಸಿ.